ಲಿಯರ್ ದೊರೆಯ ಪೂರ್ವಕಥೆ

ಬಿ.ಎ. ತರಗತಿಯಲ್ಲಿ ನಮಗೆ ಶೇಕ್ಸ್‌ಪಿಯರನ 'ಕಿಂಗ್ ಲಿಯರ್' ಪಠ್ಯವಾಗಿತ್ತು. ಇಂಗ್ಲಿಷ್ ಅಧ್ಯಾಪಕರು ನಾಟಕವನ್ನು ಆರಂಭಿಸುವ ಮುನ್ನ ಆ ದೊರೆಯ ಪೂರ್ವಕಥೆಯನ್ನು ಸಾವಧಾನವಾಗಿ ಹೇಳಿದರು. ಪರೀಕ್ಷೆಗೆ ಬಾರದ ವಿಷಯವೆಂದು ಹಿಂದಿನ ಬೆಂಚಿನಲ್ಲಿ ಗೊಣಗಾಟವೂ ನಡೆದಿತ್ತು. ಇಂದು ನನ್ನ ನೆನಪಿನಲ್ಲಿ ಹೆಚ್ಚಾಗಿ ಉಳಿದಿರುವುದು ಆ ಪಾಠವೇ.

ಸುಮಾರು 1136ರಲ್ಲಿ ಮಾನ್‌ಮತ್‌ನ ಜೆಫ್ರಿ ಲ್ಯಾಟಿನ್ನಿನಲ್ಲಿ ಬರೆದ ಬ್ರಿಟನ್ ರಾಜರ ಚರಿತ್ರೆಯಲ್ಲಿ ಲೀರ್ ಎಂಬ ಅರಸನ ಕಥೆಯಿದೆ. ಚರಿತ್ರೆಯೆಂಬ ಹೆಸರಿದ್ದರೂ ಅದರಲ್ಲಿ ಪುರಾಣದ ಪಾಲೇ ದೊಡ್ಡದು. ಈ ಅರಸ 60 ವರ್ಷ ಆಳಿದನಂತೆ, ಸೋರ್ ನದಿಯ ದಡದಲ್ಲಿ ಲೆಸ್ಟರ್ ಪಟ್ಟಣವನ್ನು ಕಟ್ಟಿಸಿದನಂತೆ. ಮೂವರು ಹೆಣ್ಣುಮಕ್ಕಳ ಪ್ರೀತಿಯನ್ನು ಅವರ ಬಾಯಿಮಾತಿನಿಂದ ಅಳೆಯಹೊರಟದ್ದು, ಕಿರಿಯಳಾದ ಕಾರ್ಡೀಲಿಯಳಿಗೆ ರಾಜ್ಯದ ಪಾಲು ತಪ್ಪಿದ್ದು, ಹಿರಿಯರಿಬ್ಬರು ಅಪ್ಪನ ಪರಿವಾರವನ್ನು ಕಡಿಮೆ ಮಾಡುತ್ತ ಕೊನೆಗೆ ಒಬ್ಬನೇ ಆಳಿಗೆ ತಂದು ನಿಲ್ಲಿಸಿದ್ದು ಎಲ್ಲವೂ ಅಲ್ಲಿಯೇ ಇವೆ. ಶೇಕ್ಸ್‌ಪಿಯರನಲ್ಲಿ ಬರುವ ಬಿರುಗಾಳಿಯಿಲ್ಲ, ಹುಚ್ಚಿಲ್ಲ, ವಿದೂಷಕನಿಲ್ಲ. ಲೀರ್ ಕಡಲು ದಾಟಿ, ಫ್ರಾಂಕರ ರಾಣಿಯಾಗಿದ್ದ ಕಿರಿಯ ಮಗಳನ್ನು ಸೇರಿ, ಅವಳ ಕಡೆಯ ಸೈನ್ಯದೊಡನೆ ಮರಳಿ ಬಂದು ಗೆದ್ದು ಮತ್ತೆ ಪಟ್ಟವೇರುತ್ತಾನೆ. ಮೂರನೆಯ ವರ್ಷದಲ್ಲಿ ಅವನು ತೀರಿಕೊಂಡಾಗ ಮಗಳು ಸೋರ್ ನದಿಯ ಅಡಿಯ ನೆಲಮಾಳಿಗೆಯಲ್ಲಿ ಅವನನ್ನು ಸಮಾಧಿ ಮಾಡುತ್ತಾಳೆ.

ದುರಂತ ಕಾದಿರುವುದು ಅವಳಿಗೆ. 5 ವರ್ಷ ಆಳಿದ ಕಾರ್ಡೀಲಿಯಳ ಮೇಲೆ ಅಕ್ಕಂದಿರ ಮಕ್ಕಳೇ ದಂಗೆಯೆದ್ದು ಅವಳನ್ನು ಸೆರೆಗೆ ಹಾಕುತ್ತಾರೆ. ಸೆರೆಯಲ್ಲಿ ಅವಳು ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಇದೇ ಕಥೆಯನ್ನು ಚರಿತ್ರೆಕಾರ ಹಾಲಿನ್‌ಶೆಡ್‌ನ 1577ರ ವೃತ್ತಾಂತ ಮತ್ತೆ ಹೇಳಿತು. 1605ರಲ್ಲಿ ಅಚ್ಚಾದ, ಕರ್ತೃವಿನ ಹೆಸರಿಲ್ಲದ ಹಳೆಯ ನಾಟಕವಾದರೋ ದೊರೆ ಗೆದ್ದಲ್ಲಿಗೇ ಮಂಗಳ ಹಾಡಿತ್ತು. ಹಾಗಾಗಿ 1606ರ ಡಿಸೆಂಬರ್ 26ರಂದು ವೈಟ್‌ಹಾಲ್ ಅರಮನೆಯಲ್ಲಿ ಶೇಕ್ಸ್‌ಪಿಯರನ ನಾಟಕವನ್ನು ಕಂಡವರಲ್ಲಿ ಕಥೆ ಬಲ್ಲವರು ದೊರೆ ಮತ್ತೆ ಪಟ್ಟವೇರುವನೆಂದೇ ಕಾದಿದ್ದಿರಬೇಕು. ಶೇಕ್ಸ್‌ಪಿಯರ್ ಮಗಳ ಸೆರೆಮನೆಯ ಸಾವನ್ನು ವರ್ಷಗಳಷ್ಟು ಹಿಂದಕ್ಕೆ ಎಳೆದು, ಅವಳ ಶವವನ್ನು ತಂದೆಯ ತೋಳುಗಳಲ್ಲಿಟ್ಟನು. ನಾಟಕದ ಇನ್ನೊಬ್ಬ ಮುದಿ ತಂದೆಯಾದ ಗ್ಲಾಸ್ಟರನ ಉಪಕಥೆಯನ್ನು ಸಿಡ್ನಿಯ 'ಆರ್ಕೇಡಿಯ' ಎಂಬ ಗದ್ಯಕಥನದಿಂದ ಪಡೆದು ಹೆಣೆದದ್ದಕ್ಕಿಂತಲೂ ಈ ಒಂದು ಸ್ಥಳಾಂತರವೇ ನನಗೆ ದೊಡ್ಡದಾಗಿ ಕಾಣುತ್ತದೆ.

1681ರಲ್ಲಿ ಕವಿ ನೇಹಮ್ ಟೇಟ್ ಲಿಯರನನ್ನು ಬದುಕಿಸಿ ಬರೆದ ರೂಪಾಂತರವೇ ಸುಮಾರು ಒಂದೂವರೆ ಶತಮಾನ ಇಂಗ್ಲಿಷ್ ರಂಗಭೂಮಿಯನ್ನು ಆಳಿತು. ನಮ್ಮ ಅಧ್ಯಾಪಕರು ಅದನ್ನು ಹೇಳುವಾಗಲೆಲ್ಲ ನಗುತ್ತಿದ್ದರು. ನನಗೆ ಮಾತ್ರ ಟೇಟನ ಬಗ್ಗೆ ಅಷ್ಟು ತಾತ್ಸಾರವಿಲ್ಲ, ಏಕೆಂದರೆ ದೊರೆಗೆ ಅವನು ಮರಳಿ ಕೊಟ್ಟದ್ದು ಹಳೆಯ ಐತಿಹ್ಯವೇ ಕೊಟ್ಟಿದ್ದ ಪಟ್ಟವನ್ನು. ಆದರೆ ಕಾರ್ಡೀಲಿಯಳನ್ನು ಗ್ಲಾಸ್ಟರನ ಮಗ ಎಡ್ಗರನಿಗೆ ಮದುವೆ ಮಾಡಿಕೊಟ್ಟದ್ದನ್ನು ಸಮರ್ಥಿಸಲು ನನ್ನಿಂದಲೂ ಆಗದು.