ಕತೆ ಓದಿ ಆಯ್ತು ಮೇಡಂ, ಇನ್ನು ಎಂತ ಬರೆಯುವುದು?

ಉಡುಪಿಯಲ್ಲಿ ಕನ್ನಡ ಪಾಠ ಮಾಡುವವಳು ನಾನು. ಹಾಗಾಗಿ ಎಲ್ಲಿ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಕ್ಲಾಸಿನಲ್ಲಿ ಬರುತ್ತದೆ, ಸ್ಟಾಫ್ ರೂಮಿನ ಬಾಗಿಲಲ್ಲಿ ಬರುತ್ತದೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಬರುತ್ತದೆ. "ಕತೆ ಅರ್ಥ ಆಗಿದೆ ಮೇಡಂ. ಆದ್ರೆ ಪಾತ್ರ ವಿಶ್ಲೇಷಣೆ ಮಾಡಿ ಅಂದ್ರೆ ಎಂತ ಬರೆಯುವುದು? ಥೀಮ್ ಅಂದ್ರೆ ಎಂತ?" ಮಕ್ಕಳು ಕೇಳುತ್ತಾರೆ, ಅವರ ಅಮ್ಮಂದಿರು ಕೇಳುತ್ತಾರೆ. ರಿಟೈರ್ ಆದ ಮೇಲೆ ಮತ್ತೆ ಓದು ಹಿಡಿದ ಬ್ಯಾಂಕಿನವರೂ ಕೇಳುತ್ತಾರೆ. ಅವರಿಗೆ ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ಆದರೂ ಕತೆ ಮುಗಿಸಿ ಪುಸ್ತಕ ಮಡಚುವಾಗ ಏನೋ ಬಿಟ್ಟುಹೋಯಿತು ಅನ್ನಿಸುತ್ತದಂತೆ.

ನಿಂತಲ್ಲೇ ಅರ್ಧಂಬರ್ಧ ಉತ್ತರ ಹೇಳಿ ಸಾಕಾಗಿದೆ. ಇಲ್ಲಿ ಕೂತು ಬರೆಯುತ್ತೇನೆ.

ಮೊದಲು ಯಾವುದು ಬೇಡ ಅಂತ ಹೇಳಿಬಿಡುತ್ತೇನೆ. "ಮಂಗಮ್ಮ ಸ್ವಾಭಿಮಾನಿ, ಶ್ರಮಜೀವಿ, ಮಮತಾಮಯಿ." ಮಾಸ್ತಿಯವರ 'ಮೊಸರಿನ ಮಂಗಮ್ಮ' ಕತೆ ಪಾಠಕ್ಕೆ ಬಂದರೆ ಈ ಸಾಲು ಬಂದೇ ಬರುತ್ತದೆ. ಸುಳ್ಳೇನಲ್ಲ. ಆದರೆ ಹೆಸರೊಂದು ಬದಲಿಸಿದರೆ ಇದೇ ಸಾಲು ಇನ್ನು ನೂರು ಕತೆಗೆ ಹೊಂದುತ್ತದೆ. ಮದುವೆ ದಲ್ಲಾಳಿ ಹುಡುಗಿಯ ಬಗ್ಗೆ ಹೇಳುವುದೂ ಹೆಚ್ಚುಕಮ್ಮಿ ಇದನ್ನೇ ಅಲ್ವಾ?

ನಿಜ ಹೇಳಬೇಕೆಂದರೆ ಪಾತ್ರವನ್ನು ಹೇಗೆ ನೋಡಬೇಕು ಅಂತ ಕರಾವಳಿಯವರಿಗೆ ಹೊಸದಾಗಿ ಕಲಿಸಬೇಕಾಗಿಯೇ ಇಲ್ಲ. ನಮ್ಮಲ್ಲಿ ತಾಳಮದ್ದಳೆ ಉಂಟು, ಯಕ್ಷಗಾನದ್ದೇ ಒಂದು ಬಗೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ, ಅಂದರೆ ಪ್ರಸಂಗದ ಹಾಡು ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ವಾಲಿವಧೆ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಾನು ತಮ್ಮನ ಜೊತೆ ಹೋರಾಡುತ್ತಿದ್ದೆ, ನಿನಗೇನು ಮಾಡಿದ್ದೆ, ಮರೆಯಲ್ಲಿ ನಿಂತು ಯಾಕೆ ಹೊಡೆದೆ? ವಾಲಿಯ ಅರ್ಥ ಹೇಳುವವರು ಗಟ್ಟಿಗರಾದರೆ ಸಭೆಯೆಲ್ಲ ವಾಲಿಯ ಕಡೆ ವಾಲುತ್ತದೆ. ಮತ್ತೆ ರಾಮನ ಅರ್ಥಧಾರಿ ಬಾಯಿ ತೆರೆದರೆ ಅದೂ ಸರಿ ಅನ್ನಿಸುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಈಗಲೂ ಅದರ ಮಾತು ತೆಗೆಯುತ್ತಾರೆ. ಅವರು ಯಾರೂ "ವಾಲಿ ಬಲಶಾಲಿ, ಅಹಂಕಾರಿ" ಅಂತ ಗುಣಗಳ ಪಟ್ಟಿ ಒಪ್ಪಿಸುವುದಿಲ್ಲ. ವಾಲಿ ಏನು ಕೇಳಿದ, ರಾಮ ಎಲ್ಲಿ ತಡವರಿಸಿದ, ಅದನ್ನು ಹೇಳುತ್ತಾರೆ.

ನನ್ನ ಉತ್ತರ ಇಷ್ಟೇ. ಪಾತ್ರದ ಅರ್ಥಧಾರಿಯಾಗಿ ಕೂತು ನೋಡಿ. ಅದರಲ್ಲೂ ನಿಮಗೆ ಇಷ್ಟವಾಗದ ಪಾತ್ರದ ಅರ್ಥ ಹೇಳಿ ನೋಡಿ.

ಮಂಗಮ್ಮನ ಕತೆಯಲ್ಲಿ ಇದನ್ನು ಮಾಡಿ ತೋರಿಸುತ್ತೇನೆ. ಓದದವರಿಗೆ ಕತೆ ಚುಟುಕಾಗಿ ಹೀಗೆ. ಮಂಗಮ್ಮ ಹಳ್ಳಿಯಿಂದ ಬೆಂಗಳೂರಿಗೆ ಮೊಸರು ತಂದು ಮಾರುವವಳು. ದಿನಾ ಮೊಸರು ಕೊಡುವ ವರ್ತನೆ ಮನೆಯೊಂದರ ಗೃಹಿಣಿಯ ಹತ್ತಿರ ಕೂತು ಸುಖದುಃಖ ಹೇಳಿಕೊಳ್ಳುತ್ತಾಳೆ. ಮೊಮ್ಮಗನಿಗೆ ಸೊಸೆ ನಂಜಮ್ಮ ಹೊಡೆದಳು ಅಂತ ಜಗಳ ಶುರುವಾಗುತ್ತದೆ. ಮಗ ಹೆಂಡತಿಯ ಪರ ನಿಲ್ಲುತ್ತಾನೆ. ಮಂಗಮ್ಮ ಬೇರೆ ಒಲೆ ಹೂಡುತ್ತಾಳೆ. ಇನ್ನು ಯಾರಿಗೆ ಅಂತ ಕೂಡಿಡುವುದು ಎಂದು ಮಕಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ. ಇವಳ ಕೈಯಲ್ಲಿ ದುಡ್ಡು ಉಂಟು ಅಂತ ಗೊತ್ತಾಗಿ ರಂಗಪ್ಪ ಎಂಬವನು ದಾರಿಯಲ್ಲಿ ನಯವಾಗಿ ಮಾತಾಡಿಸಿ ಸಾಲ ಕೇಳುತ್ತಾನೆ. ಆಮೇಲೆ ಒಂದು ದಿನ ಮೊಮ್ಮಗ ಅಜ್ಜಿಯ ಹತ್ತಿರವೇ ಇರುತ್ತೇನೆ ಅಂತ ಬಂದುಬಿಡುತ್ತಾನೆ. ಅತ್ತೆ ಸೊಸೆ ಒಂದಾಗುತ್ತಾರೆ. ಮೊಸರಿನ ವ್ಯಾಪಾರಕ್ಕೆ ಸೊಸೆಯೂ ಬರತೊಡಗುತ್ತಾಳೆ.

ಕ್ಲಾಸಿನಲ್ಲಿ "ನಂಜಮ್ಮ ಹೇಗೆ?" ಅಂತ ಕೇಳಿದರೆ ಎಲ್ಲರ ಉತ್ತರ ಒಂದೇ: ಜಗಳಗಂಟಿ. ಸರಿ, ಈಗ ನಂಜಮ್ಮನ ಅರ್ಥ ಹೇಳಿ ನೋಡುವ. ಮಗು ಯಾರದ್ದು? ತಾಯಿ ಒಂದು ಪೆಟ್ಟು ಕೊಟ್ಟದ್ದಕ್ಕೆ ಅತ್ತೆ ರಂಪ ಮಾಡಿದರೆ ಆ ಮನೆಯಲ್ಲಿ ಸೊಸೆಯ ಜಾಗ ಯಾವುದು? ಇನ್ನೊಂದು ವಿಷಯ. ಅಜ್ಜಿಯ ಹತ್ತಿರ ಹೋಗಿ ಇರು ಅಂತ ಮಗುವನ್ನು ಕಳಿಸಿದ್ದು ನಂಜಮ್ಮನೇ. ಅತ್ತೆಯ ದುಡ್ಡು ಕಂಡವರ ಪಾಲಾಗಬಾರದು ಅನ್ನುವ ಲೆಕ್ಕ ಅವಳದ್ದು. ಇದು ಸ್ವಾರ್ಥವೋ ಜಾಣತನವೋ ಮನೆ ಉಳಿಸುವ ಬುದ್ಧಿಯೋ? ನನಗೆ ಕೇಳಿದರೆ ಮೂರೂ ಹೌದು. ಆ ಕತೆಯಲ್ಲಿ ಎಲ್ಲರಿಗಿಂತ ಮುಂದಿನದ್ದನ್ನು ಯೋಚಿಸಿದವಳು ನಂಜಮ್ಮ. ಆದರೆ ಇದು ನಮಗೆ ತಡವಾಗಿ ಗೊತ್ತಾಗುತ್ತದೆ. ಅಷ್ಟು ಹೊತ್ತೂ ನಾವು ಕೇಳಿದ್ದು ಮಂಗಮ್ಮನ ಬಾಯಿಂದ ಬಂದ ನಂಜಮ್ಮನ ಕತೆ.

ಮಂಗಮ್ಮನ ಕಡೆಗೂ ಕೂತು ನೋಡಿ. ಆ ರವಿಕೆಯನ್ನು ಸುಮ್ನೆ ದಾಟಿ ಹೋಗಬೇಡಿ. ವರ್ಷಗಟ್ಟಲೆ ದುಡಿದು ಕೂಡಿಟ್ಟವಳು ಈ ವಯಸ್ಸಿನಲ್ಲಿ ಮಕಮಲ್ಲು ಯಾಕೆ ಹೊಲಿಸಿದಳು? ಆಸೆಯಾ, ಹಟವಾ, ಸೊಸೆಗೆ ಕಾಣಲಿ ಅಂತಲಾ? ರಂಗಪ್ಪ ಮಾತಾಡಿಸಿದಾಗ ಅವಳು ಒಂದು ಗಳಿಗೆ ನಿಂತು ಕೇಳುತ್ತಾಳಲ್ಲ, ಅದೇಕೆ? 'ಮಮತಾಮಯಿ' ಅನ್ನುವ ಒಂದು ಶಬ್ದ ಹಾಕಿದರೆ ಈ ರವಿಕೆಗೆ ಜಾಗವೇ ಇರುವುದಿಲ್ಲ. ರವಿಕೆಯಿಂದ ಶುರುಮಾಡಿದರೆ ಒಂದು ಪುಟ ತನ್ನಷ್ಟಕ್ಕೆ ತುಂಬುತ್ತದೆ.

ಒಂದು ಕಟ್ಟು ಮಾತ್ರ ಉಂಟು. ಅರ್ಥಧಾರಿ ಎಷ್ಟೇ ದೊಡ್ಡವನಾದರೂ ಪದ ಬಿಟ್ಟು ಹೋಗುವ ಹಾಗಿಲ್ಲ. ಕತೆಯಲ್ಲೂ ಅಷ್ಟೇ. "ನಂಜಮ್ಮನ ತವರುಮನೆಯಲ್ಲಿ ಬಡತನ ಇದ್ದಿರಬಹುದು" ಅಂತ ನೀವೇ ಸೇರಿಸಬಾರದು. ಕತೆಯೊಳಗೆ ಇರುವ ಮಾತು, ವಸ್ತು, ನಡೆ, ಇಷ್ಟೇ ನಿಮ್ಮ ಬಂಡವಾಳ.

ಇನ್ನು ಎರಡನೆಯ ಸಂಗತಿ. ನನ್ನ ಮಟ್ಟಿಗೆ ಇದೇ ದೊಡ್ಡದು. ತಾಳಮದ್ದಳೆಯಲ್ಲಿ ಭಾಗವತರು ಯಾರ ಪಕ್ಷವೂ ಅಲ್ಲ. ಕತೆ ಹೇಳುವವರು ಹಾಗಲ್ಲ. 'ನಾನು' ಅಂತ ಶುರುವಾಗುವ ಕತೆಯಲ್ಲಿ ಆ 'ನಾನು' ಕೂಡ ಒಂದು ಪಾತ್ರ. ಅದಕ್ಕೂ ಆಸೆ ಉಂಟು, ಜಂಭ ಉಂಟು. ಮಕ್ಕಳು ಎಲ್ಲ ಪಾತ್ರಗಳ ಬಗ್ಗೆ ಬರೆದು ಇದೊಂದನ್ನೇ ಬಿಡುತ್ತಾರೆ.

ಮಾಸ್ತಿಯವರದ್ದೇ 'ರಂಗನ ಮದುವೆ' ನೋಡಿ. 1910ರ ಹೊತ್ತಿನ ಕತೆ. ಹೊಸಹಳ್ಳಿಯ ರಂಗ ಬೆಂಗಳೂರಿನಲ್ಲಿ ಇಂಗ್ಲಿಷ್ ಕಲಿತು ಊರಿಗೆ ಬರುತ್ತಾನೆ. ಸದ್ಯಕ್ಕೆ ಮದುವೆ ಬೇಡ, ಆದರೆ ಬುದ್ಧಿ ಬಲಿತ ಹುಡುಗಿಯನ್ನೇ ಆಗುತ್ತೇನೆ ಅನ್ನುತ್ತಾನೆ. ಕತೆ ಹೇಳುವ ಶ್ಯಾಮನಿಗೆ ಇದು ಹಿಡಿಸುವುದಿಲ್ಲ. ರಾಮರಾಯರ ಮನೆಯ ಹುಡುಗಿ ರತ್ನಳನ್ನು ಕರೆಸಿ ಹಾಡಿಸುತ್ತಾನೆ, ಅದೇ ಹೊತ್ತಿಗೆ ರಂಗನೂ ಬರುವ ಹಾಗೆ ಮಾಡುತ್ತಾನೆ. ರಂಗ ಅವಳ ವಿಷಯ ಕೇಳಿದರೆ ಅವಳಿಗೆ ಮದುವೆ ಆಗಿದೆ ಅಂತ ಸುಳ್ಳು ಬಿಡುತ್ತಾನೆ. ಜೋಯಿಸರಿಗೆ ಏನು ಹೇಳಬೇಕು ಅಂತ ಮೊದಲೇ ಹೇಳಿಕೊಟ್ಟು, ರಂಗನನ್ನು ಅವರ ಮುಂದೆ ಕೂರಿಸುತ್ತಾನೆ. ಮದುವೆ ಆಗುತ್ತದೆ. ಮುಂದೆ ಹುಟ್ಟಿದ ಮಗುವಿಗೆ ಶ್ಯಾಮನದ್ದೇ ಹೆಸರು.

ಓದುವಾಗ ನಗು ಬರುತ್ತದೆ. ಬರಲೇಬೇಕು, ಮಾಸ್ತಿಯವರ ಹರಟೆಯ ಧಾಟಿಯೇ ಹಾಗೆ. ಆದರೆ ನಗು ನಿಂತ ಮೇಲೆ ಒಂದು ಪ್ರಶ್ನೆ ಕೇಳಿ. ರತ್ನಳ ವಯಸ್ಸೆಷ್ಟು? ಹನ್ನೊಂದು. ಬಲಿತ ಹುಡುಗಿ ಬೇಕು ಅಂದವನ ಮಾತು ಎಲ್ಲಿಗೆ ಹೋಯಿತು? ಮತ್ತೆ, ರತ್ನಳನ್ನು ಯಾರು ಕೇಳಿದರು? ಶ್ಯಾಮ ಇದನ್ನು ನಮಗೆ ಹೇಳುವುದಿಲ್ಲ, ಯಾಕೆಂದರೆ ಅವನಿಗೆ ಅದು ಪ್ರಶ್ನೆ ಅಂತಲೇ ಅನ್ನಿಸಿಲ್ಲ. ಅವನು ಒಳ್ಳೆಯವನೇ. ಆದರೆ ಊರಿನ ಎಲ್ಲರ ಬದುಕಿಗೂ ತಾನೇ ಯಜಮಾನ ಅಂತ ತಿಳಿದ ಒಳ್ಳೆಯವನು. ಅಂಥವರು ನಿಮ್ಮ ಕುಟುಂಬದಲ್ಲೂ ಒಬ್ಬರಾದರೂ ಇದ್ದಾರು.

ಇದಕ್ಕಿಂತ ಗಾಢವಾದದ್ದು ಆನಂದರ 'ನಾನು ಕೊಂದ ಹುಡುಗಿ'. ಆನಂದ ಅಂದರೆ ಅಜ್ಜಂಪುರ ಸೀತಾರಾಂ. ಕತೆ ಹೇಳುವವನು ಓದಿದ ಯುವಕ, ತಿರುಗಾಟದಲ್ಲಿ ನಾಗವಳ್ಳಿಗೆ ಬಂದು ಊರಿನ ಗೌಡರ ಮನೆಯಲ್ಲಿ ಇಳಿಯುತ್ತಾನೆ. ಆ ಮನೆಯ ಮಗಳು ಚೆನ್ನಮ್ಮ ಬಸವಿ, ಹರಕೆಯಿಂದ ದೇವರಿಗೆ ಬಿಟ್ಟವಳು. ರಾತ್ರಿ ಅತಿಥಿಯ ಕೋಣೆಗೆ ಬರುತ್ತಾಳೆ. ಅವಳ ಪ್ರಕಾರ ಅದು ತಪ್ಪಲ್ಲ, ಅದೇ ಅವಳ ಧರ್ಮ. ಅವನು ಅವಳನ್ನು ಒಲ್ಲದೆ, ಇದು ಎಂಥ ಬಾಳು ಅಂತ ಬುದ್ಧಿ ಹೇಳುತ್ತಾನೆ. ಮರುದಿನ ಚೆನ್ನಮ್ಮನ ಹೆಣ ಬಾವಿಯಲ್ಲಿ.

ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಅವ ಒಳ್ಳೆಯದನ್ನೇ ಹೇಳಿದ್ದಲ್ವಾ ಮೇಡಂ, ಕೊಂದದ್ದು ಹೇಗಾಗ್ತದೆ?" ನನಗೆ ಈ ಪ್ರಶ್ನೆ ಅಂದರೆ ಬಹಳ ಇಷ್ಟ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಅವಳು ನಿಂತ ನೆಲವನ್ನು ಒಂದೇ ರಾತ್ರಿಯಲ್ಲಿ ಎಳೆದುಬಿಟ್ಟ, ನಿಲ್ಲಲು ಬೇರೆ ಜಾಗ ಕೊಡಲಿಲ್ಲ. ಅವನು ಬೆಳಿಗ್ಗೆ ಹೊರಟು ಹೋಗುವವನು. ಅವಳು ಅದೇ ಮನೆಯಲ್ಲಿ, ಅದೇ ಅಪ್ಪನ ಎದುರು ಬದುಕಬೇಕಾದವಳು. ಹಾಗಾದರೆ ಕೊಂದವರು ಯಾರು? ಹರಕೆ ಹೊತ್ತ ತಂದೆತಾಯಿಯಾ, ಪದ್ಧತಿಯಾ, ಬುದ್ಧಿ ಹೇಳಿದವನಾ? ಅವನು ಎಲ್ಲವನ್ನೂ ತನ್ನ ತಲೆಗೆ ಹಾಕಿಕೊಂಡು 'ನಾನು ಕೊಂದೆ' ಅನ್ನುತ್ತಾನೆ. ಅದು ಪಶ್ಚಾತ್ತಾಪ, ಒಪ್ಪುವ. ಆದರೆ ಅಲ್ಲೂ ಕತೆಯ ನಡುವೆ ಅವನೇ ಕೂತುಕೊಂಡ ಹಾಗೆ ಆಗಲಿಲ್ಲವಾ? ಚೆನ್ನಮ್ಮನ ಆ ರಾತ್ರಿಯ ಉಳಿದ ಹೊತ್ತು ನಮಗೆ ಕಾಣುವುದೇ ಇಲ್ಲ. ಒಂದು ಕ್ಲಾಸು ಇಡೀ ಈ ಜಗಳದಲ್ಲೇ ಮುಗಿಯುತ್ತದೆ. ಬೆಲ್ ಹೊಡೆದರೂ ಏಳುವುದಿಲ್ಲ.

ಈಗ ಥೀಮ್. ನಮ್ಮ ಪುಸ್ತಕಗಳಲ್ಲಿ ಆಶಯ ಅಂತ ಇರುತ್ತದೆ. ಹೆಚ್ಚಿನವರು ಅದನ್ನು ನೀತಿ ಅಂದುಕೊಳ್ಳುತ್ತಾರೆ. ಫ್ರೆಂಚ್ ಕತೆಗಾರ ಮೊಪಾಸಾನ 'ನೆಕ್ಲೇಸ್' ಕತೆ 1884ರದ್ದು, ಎಷ್ಟೋ ಭಾಷೆಗಳಲ್ಲಿ ಪಾಠ ಆಗಿದೆ. ಪಾರ್ಟಿಗೆ ಅಂತ ಗೆಳತಿಯ ಹತ್ತಿರ ತಂದ ವಜ್ರದ ಹಾರವನ್ನು ಮಥಿಲ್ಡ್ ಕಳೆದುಕೊಳ್ಳುತ್ತಾಳೆ. ಗುಮಾಸ್ತ ಗಂಡ ಮತ್ತು ಅವಳು ಸಾಲಸೋಲ ಮಾಡಿ 36,000 ಫ್ರಾಂಕಿಗೆ ಬೇರೆ ಹಾರ ಕೊಂಡು ಕೊಡುತ್ತಾರೆ. ಹತ್ತು ವರ್ಷ ಗೇಯ್ದು ಸಾಲ ತೀರಿಸುತ್ತಾರೆ. ಕೊನೆಗೆ ನೋಡಿದರೆ ಮೊದಲಿನ ಹಾರ ನಕಲಿ, ಹೆಚ್ಚೆಂದರೆ 500 ಫ್ರಾಂಕಿನದ್ದು. "ಆಶಯ: ದುರಾಸೆ ಒಳ್ಳೆಯದಲ್ಲ." ಮುಗಿಯಿತು ಉತ್ತರ.

ನಮ್ಮಲ್ಲಿ ಮದುವೆಗೆ ಹೋಗುವಾಗ ಪಕ್ಕದ ಮನೆಯಿಂದ ಸರ ಕೇಳಿ ಹಾಕಿಕೊಂಡು ಹೋದವರಿಲ್ಲವಾ? ಅದು ದುರಾಸೆಯಾ? ನಾಲ್ಕು ಜನರ ನಡುವೆ ಬರಿ ಕೊರಳಲ್ಲಿ ಕೂರುವ ಸಂಕಟ ಗೊತ್ತಿದ್ದವರು ಹಾಗೆ ಬರೆಯುವುದಿಲ್ಲ. ನಿಜವಾಗಿ ಕೇಳಬೇಕಾದ್ದು, ಹಾರ ಕಳೆದ ದಿನವೇ ಗೆಳತಿಗೆ ಹೇಳಿದ್ದರೆ ಆಗುತ್ತಿರಲಿಲ್ಲವಾ ಅಂತ. ಯಾಕೆ ಹೇಳಲಿಲ್ಲ? ಆ 'ಯಾಕೆ'ಯ ಹಿಂದೆ ಹೋದರೆ ನಾಚಿಕೆ, ಅಂತಸ್ತು, ಸಾಲ ಎಲ್ಲ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಹಾಗೆ ಕತೆ ನಮ್ಮನ್ನು ಕೂರಿಸಿ ಯಾವ ವಿಷಯದ ಬಗ್ಗೆ ಯೋಚಿಸುವ ಹಾಗೆ ಮಾಡುತ್ತದೋ ಅದು ಆಶಯ. ಗಂಡನನ್ನೂ ಮರೆಯಬೇಡಿ. ಕೋವಿ ಕೊಳ್ಳಲು ಕೂಡಿಟ್ಟ 400 ಫ್ರಾಂಕನ್ನು ಅವಳ ಹೊಸ ಬಟ್ಟೆಗೆ ಕೊಟ್ಟವನು ಅವನು. ಅವನ ಬಗ್ಗೆ ಬರೆದ ಉತ್ತರ ನನಗಿನ್ನೂ ಸಿಕ್ಕಿಲ್ಲ.

ಊರಿನ ಕತೆಗಳ ಬಗ್ಗೆ ಒಂದು ಮಾತು. 1900ರಲ್ಲೇ ಮಂಗಳೂರಿನ 'ಸುವಾಸಿನಿ' ಪತ್ರಿಕೆಯಲ್ಲಿ ಪಂಜೆ ಮಂಗೇಶರಾಯರ ಕತೆ ಬಂದಿತ್ತು. ಕನ್ನಡದ ಸಣ್ಣಕತೆಯ ಮಾತು ಬಂದಾಗ ನಾವು ಸ್ವಲ್ಪ ಎದೆ ಉಬ್ಬಿಸುವುದು ಅದಕ್ಕೇ. ಆದರೆ ನಮ್ಮ ಕಡೆಯ ಕತೆ ಓದುವಾಗ ನಮಗೆ ಒಂದು ಕಷ್ಟ ಉಂಟು. ವೈದೇಹಿಯವರ ಕತೆಯಲ್ಲಿ ಕುಂದಾಪುರದ ಮಾತು ಕೇಳಿದ ಕೂಡಲೇ "ಅಯ್ಯೋ, ನಮ್ಮ ದೊಡ್ಡಮ್ಮನ ಹಾಗೇ ಉಂಟು!" ಅಂತ ಖುಷಿಪಟ್ಟು ಅಲ್ಲೇ ನಿಂತುಬಿಡುತ್ತೇವೆ. ಗುರುತು ಸಿಕ್ಕಿದ್ದೇ ಓದು ಅಂದುಕೊಳ್ಳುತ್ತೇವೆ. ಅವರ 'ಅಕ್ಕು' ಕತೆಯ ಅಕ್ಕು ಗಂಡ ಬಿಟ್ಟುಹೋದವಳು, ಮನೆಯವರ ಲೆಕ್ಕದಲ್ಲಿ ಹುಚ್ಚಿ. ನೀವೂ "ಅಕ್ಕು ಮಾನಸಿಕ ಅಸ್ವಸ್ಥೆ" ಅಂತ ಬರೆದರೆ ಸದ್ದಿಲ್ಲದೆ ಮನೆಯವರ ಪಕ್ಷ ಸೇರಿದಿರಿ. ಅವಳನ್ನು ಹುಚ್ಚಿ ಅನ್ನುವವರು ಯಾರು, ಹಾಗೆ ಅಂದರೆ ಯಾರಿಗೆ ಅನುಕೂಲ, ಅಲ್ಲಿಂದ ಹಿಡಿಯಿರಿ.

"ಗೈಡ್ ನೋಡಬಹುದಾ?" ಅಂತಲೂ ಕೇಳುತ್ತಾರೆ. ನೋಡಿ, ಬೇಡ ಅನ್ನುವುದಿಲ್ಲ. ಕತೆ ಓದಿ, ನಿಮ್ಮದೇ ನಾಲ್ಕು ಸಾಲು ಬರೆದ ಮೇಲೆ ನೋಡಿ. ಮೊದಲೇ ನೋಡಿದರೆ ಆಮೇಲೆ ಕತೆಯಲ್ಲಿ ಗೈಡಿನಲ್ಲಿದ್ದದ್ದೇ ಕಾಣುತ್ತದೆ.

ಪರೀಕ್ಷೆಗೆ ಬರೆಯುವವರಿಗೆ ಜಾಸ್ತಿ ಹೇಳುವುದಿಲ್ಲ. ಪಾತ್ರ ಮಾಡಿದ ಒಂದು ಕೆಲಸವನ್ನು ಹಿಡಿದು ಶುರುಮಾಡಿ. ಯಾಕೆ ಮಾಡಿತು ಅಂತ ಕತೆಯ ಮಾತಿನಿಂದಲೇ ತೋರಿಸಿ. ಎದುರು ಪಾತ್ರ ಏನು ಹೇಳೀತು ಅಂತ ಒಂದು ಸಾಲು ಇರಲಿ. ಕತೆ ಯಾರ ಬಾಯಿಂದ ಬರುತ್ತಿದೆ ಅಂತಲೂ ಬರೆಯಿರಿ. ಅಷ್ಟು ಬರೆದು ಪೆನ್ನು ಎತ್ತಿ. "ಒಟ್ಟಿನಲ್ಲಿ ಈ ಕತೆಯು ಸಮಾಜಕ್ಕೆ ಉತ್ತಮ ಸಂದೇಶವನ್ನು ನೀಡುತ್ತದೆ" ಅನ್ನುವ ಸಾಲು ಬೇಡವೇ ಬೇಡ. ಬೇರೆ ಮೌಲ್ಯಮಾಪಕರ ವಿಷಯ ನಾನು ಹೇಳಲಾರೆ. ನಾನಂತೂ ಆ ಸಾಲಿಗೆ ಅರ್ಧ ಅಂಕವನ್ನೂ ಕೊಡುವುದಿಲ್ಲ.