ಕಾಫಿ ಮೂಟೆಯ ಕೋಣೆಯಲ್ಲೊಂದು ಪುಟ್ಟ ಸೈನ್ಯ

ಚಿಕ್ಕಮಗಳೂರಿನ ನಮ್ಮ ಮನೆಯ ಹಿಂಭಾಗದಲ್ಲಿ ಕಾಫಿ ಮೂಟೆ ಇಡುತ್ತಿದ್ದ ಕೋಣೆಯೊಂದಿದೆ. ಹೋದ ಬೇಸಿಗೆಯಲ್ಲಿ ಅದನ್ನು ನನ್ನ ಆಟದ ಕೋಣೆ ಮಾಡಿಕೊಂಡೆ. ಪುಟ್ಟ ಯೋಧರ ಗೊಂಬೆಗಳಿಗೆ ಬಣ್ಣ ಬಳಿದು, ಮೇಜಿನ ಮೇಲೆ ಸೈನ್ಯ ಹೂಡಿ ಆಡುವ ಯುದ್ಧದಾಟ ನನ್ನದು. ಗೋಣಿಯ ವಾಸನೆ ಮಾತ್ರ ಇನ್ನೂ ಹೋಗಿಲ್ಲ, ಹೋಗುವುದೂ ಬೇಡ. ನಡುವೆ ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು. ಅದಕ್ಕಿಂತ ಅಗಲವಾದರೆ ನಡುವಿನ ಗೊಂಬೆಗೆ ಕೈ ಎಟುಕದೆ, ಬಗ್ಗಿದಾಗ ಹೊಟ್ಟೆ ತಾಗಿ ಅರ್ಧ ಸೈನ್ಯ ಉರುಳುತ್ತದೆ.

ಹೆಚ್ಚು ತಲೆ ಕೆಡಿಸಿಕೊಂಡಿದ್ದು ಬಣ್ಣ ಬಳಿಯುವ ಮೂಲೆಗೆ. 28 ಮಿಲಿಮೀಟರ್ ಎತ್ತರದ ಯೋಧನ ಕಣ್ಣಿಗೆ ಚುಕ್ಕೆ ಇಡಬೇಕಲ್ಲ! ಒಂದೇ ದೀಪವಿದ್ದರೆ ಕೈಯ ನೆರಳೇ ಅಡ್ಡ ಬರುತ್ತದೆ. ಎಡಕ್ಕೊಂದು, ಬಲಕ್ಕೊಂದು ಬಿಳಿ ಎಲ್‌ಇಡಿ ಹಾಕಿಸಿದೆ.

ಮಳೆಗಾಲವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಜುಲೈನಲ್ಲಿ ಅವಸರಪಟ್ಟು ಜಗಲಿಯಲ್ಲಿ ಪ್ರೈಮರ್, ಅಂದರೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಮೊದಲು ಕೊಡುವ ಲೇಪ, ಸಿಂಪಡಿಸಿದೆ. ತೇವದ ಗಾಳಿಗೆ ಬೂದಿ ಎರಚಿದಂತೆ ಮೈಯೆಲ್ಲ ತರಿತರಿಯಾಗಿ ಹನ್ನೊಂದು ಗೊಂಬೆಗಳು ಕೆಟ್ಟವು. ಈಗ ದೀಪಾವಳಿ ಕಳೆಯುವವರೆಗೆ ಪ್ರೈಮರನ್ನೂ ಕುಂಚದಲ್ಲೇ ಹಚ್ಚುತ್ತೇನೆ. ಅಕ್ರಿಲಿಕ್ ಬಣ್ಣ ಒಣಗದಿರಲೆಂದು ಒದ್ದೆ ಸ್ಪಂಜಿನ ಮೇಲೆ ಬೇಕಿಂಗ್ ಕಾಗದ ಹಾಸಿದ ಡಬ್ಬಿ ಇಟ್ಟುಕೊಳ್ಳುವುದು ವಾಡಿಕೆ. ನಮ್ಮ ಊರಿನಲ್ಲಿ ಬಣ್ಣ ಒಣಗುವ ಮೊದಲೇ ಸ್ಪಂಜಿಗೆ ಬೂಷ್ಟು ಹಿಡಿಯುತ್ತದೆ. ಅಜ್ಜಿಯ ಹಳೆಯ ತಾಮ್ರದ ಕಾಸೊಂದನ್ನು ಅದರೊಳಗೆ ಹಾಕಿದ ಮೇಲೆ ಕಾಟ ಕಡಿಮೆಯಾಗಿದೆ.

ಕಪಾಟು ನೋಡಿದ ಅಮ್ಮ, "ದಸರೆಗೆ ಇವನ್ನೂ ಪಟ್ಟದ ಗೊಂಬೆಗಳ ಜೊತೆ ಕೂರಿಸುತ್ತೀಯಾ?" ಎಂದು ಕೇಳಿದರು. ಕೆಳಗಿನ ಮೆಟ್ಟಿಲು ಬಿಟ್ಟುಕೊಟ್ಟರೆ ಸಾಕು ಎಂದಿದ್ದೇನೆ.