ಹಪ್ಪಳದ ಪೊಟ್ಟಣಕ್ಕೆ ಅಕ್ಷರ: ಕೆಲಸ ಎಲ್ಲಿಗೆ ಬಂತು

ಚಿಕ್ಕಮ್ಮನ ಹಲಸಿನ ಹಪ್ಪಳಕ್ಕೆ ಹೊಸ ಲೇಬಲ್ ಮಾಡುವ ಕೆಲಸದಲ್ಲಿ ಅಕ್ಷರ ಈಗ ನಿಕ್ಕಿಯಾಗಿದೆ: ಬಾಲೂ ತಮ್ಮ 2 ಎಂಬ ಫಾಂಟು (ಅಕ್ಷರಶೈಲಿ), ಅದರ ಸೆಮಿಬೋಲ್ಡ್, ಅಂದರೆ ಅರೆದಪ್ಪ ರೂಪ. ಬಣ್ಣ, ಚಿತ್ರ, ಪೊಟ್ಟಣದ ಅಳತೆ ಇವೆಲ್ಲ ಇನ್ನೂ ಮಾತಿನ ಹಂತದಲ್ಲಿವೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಭಾಗ ಅಕ್ಷರದ ಆಯ್ಕೆಯೇ ಆದ್ದರಿಂದ ಈ ಸಲ ಅದನ್ನಷ್ಟೇ ಬರೆಯುತ್ತೇನೆ.

ಹಪ್ಪಳ ತಯಾರಾಗುವುದು ಶಿರಸಿ ಪಕ್ಕದ ಹಳ್ಳಿಯಲ್ಲಿ. ಬೇಸಗೆಯಲ್ಲಿ ಬಲಿತ ಕಾಯಿಯ ಸೊಳೆ ಬೇಯಿಸಿ, ಬೀಸಿ, ಒತ್ತಿ, ಅಂಗಳದಲ್ಲಿ ಒಣಗಿಸುತ್ತಾರೆ. ಖರ್ಚಾಗುವುದು ಹೆಚ್ಚಾಗಿ ಮಳೆಗಾಲದಲ್ಲಿ. ಇಷ್ಟು ದಿನ ಪಾರದರ್ಶಕ ಪೊಟ್ಟಣದೊಳಗೆ ಒಂದು ಬಿಳಿ ಚೀಟಿ ಇಡುತ್ತಿದ್ದರು. ಪೇಟೆಯ ಮಳಿಗೆಗಳಲ್ಲಿ ಹತ್ತಾರು ಹಪ್ಪಳ, ಸಂಡಿಗೆ, ಚಿಪ್ಸ್‌ಗಳ ಸಾಲಿನಲ್ಲಿ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಚಿಕ್ಕಮ್ಮ ಕೇಳಿದ್ದು ಇಷ್ಟೇ: "ನೋಡಿದ ಕೂಡಲೇ ಮಕ್ಕಳಿಗೂ ಕೈಗೆತ್ತಿಕೊಳ್ಳಬೇಕು ಅನ್ನಿಸಬೇಕು ಕೂಸೇ. ಆದರೆ ಒಳಗೆ ಚಾಕಲೇಟು ಇದೆ ಅಂದುಕೊಳ್ಳಬಾರದು." ಇದಕ್ಕಿಂತ ಸ್ಪಷ್ಟವಾದ ಸೂಚನೆ ಯಾವ ವಿನ್ಯಾಸಕಾರರಿಗೂ ಸಿಗಲಾರದು.

ಮನೆಯ ಹೆಸರು ಸಣ್ಣದಾಗಿ ಮೂಲೆಯಲ್ಲಿ ಇರಲಿ, ತಿನ್ನುವ ವಸ್ತುವಿನ ಹೆಸರೇ ದೊಡ್ಡದಾಗಿ ಕಾಣಲಿ ಎಂದು ಮೊದಲೇ ಒಪ್ಪಿಕೊಂಡೆವು. ಹಾಗಾಗಿ ನನ್ನ ಮುಂದಿದ್ದದ್ದು "ಹಲಸಿನ ಹಪ್ಪಳ" ಎಂಬ ಏಳು ಅಕ್ಷರಗಳು. ಫಾಂಟುಗಳ ಮಾದರಿ ವಾಕ್ಯ ನೋಡಿ ಆಯ್ಕೆ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಅದರಲ್ಲೂ ಇಂಗ್ಲಿಷ್ ಮಾದರಿ ನೋಡಿ ಮರುಳಾಗಲೇಬಾರದು. ತಮಾಷೆಯಾಗಿ ಕಾಣುವ ಬಹುಪಾಲು ಫಾಂಟುಗಳಲ್ಲಿ ಕನ್ನಡವೇ ಇರುವುದಿಲ್ಲ. ಕನ್ನಡ ಟೈಪಿಸಿದರೆ ಕಂಪ್ಯೂಟರ್ ಸದ್ದಿಲ್ಲದೆ ತನ್ನಲ್ಲಿರುವ ಬೇರೆ ಫಾಂಟನ್ನು ತಂದು ಕೂರಿಸುತ್ತದೆ. ನಮ್ಮ ಪದವನ್ನೇ ಟೈಪಿಸಿ, ಅಚ್ಚಾಗುವ ಅಳತೆಯಲ್ಲೇ ನೋಡಬೇಕು.

ಈ ಪದವನ್ನು ನೋಡುತ್ತಾ ಹೋದಂತೆ ಅದರ ಮೇಲೆ ಪ್ರೀತಿ ಬಂತು. ಏಳು ಅಕ್ಷರಗಳಲ್ಲಿ ಒಂದೇ ಗುಡಿಸು, ಒಂದೇ ಒತ್ತು. ಎರಡು ಸಾಲಾಗಿ ಜೋಡಿಸಿದರೆ ಗುಡಿಸು ಮೇಲಿನ ಸಾಲಿನ ನೆತ್ತಿಯಲ್ಲಿ, ಒತ್ತು ಕೆಳಗಿನ ಸಾಲಿನ ಬುಡದಲ್ಲಿ. ನಡುವೆ ಒಂದಕ್ಕೊಂದು ತಾಗುವಂಥದ್ದು ಏನೂ ಇಲ್ಲ! ಒತ್ತುಗಳಿಗೆ ಜಾಗ ಬೇಕೆಂದು ಕನ್ನಡ ಫಾಂಟುಗಳಲ್ಲಿ ಸಾಲಿನ ನಡುವೆ ಧಾರಾಳ ಅಂತರ ಬಿಟ್ಟಿರುತ್ತಾರೆ. ಇಲ್ಲಿ ಅದನ್ನು ಧೈರ್ಯವಾಗಿ ಕಡಿಮೆ ಮಾಡಿ, ಎರಡು ಸಾಲುಗಳನ್ನು ಒತ್ತೊತ್ತಾಗಿ ಕೂರಿಸಬಹುದು. ಏಳು ಸೆಂಟಿಮೀಟರ್ ಅಗಲದ ಲೇಬಲ್ಲಿನಲ್ಲಿ ಇದರಿಂದ ಅಕ್ಷರ ಎಷ್ಟೋ ದೊಡ್ಡದಾಗುತ್ತದೆ.

ಕೊನೆಯ ಸುತ್ತಿಗೆ ಉಳಿದವು ನಾಲ್ಕು ಫಾಂಟುಗಳು. ನಾಲ್ಕೂ ಓಪನ್ ಫಾಂಟ್ ಲೈಸೆನ್ಸಿನಲ್ಲಿ ಇರುವಂಥವು. ಸಣ್ಣ ವ್ಯಾಪಾರಕ್ಕೆ ಇದು ಮುಖ್ಯ. ಹಣ ಕೊಡದೆ ಪೊಟ್ಟಣದ ಮೇಲೆ ಅಚ್ಚು ಹಾಕಿ ಮಾರಬಹುದು, ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೆ. ಎಲ್ಲೆಂದರಲ್ಲಿ ಉಚಿತವಾಗಿ ಸಿಗುವ ಎಷ್ಟೋ ಫಾಂಟುಗಳಿಗೆ ಸ್ವಂತ ಬಳಕೆಗೆ ಮಾತ್ರ ಎಂಬ ಷರತ್ತು ಇರುತ್ತದೆ. ಅವುಗಳನ್ನು ಲೇಬಲ್ಲಿಗೆ ಬಳಸಬಾರದು.

ಹುಬ್ಬಳ್ಳಿ ಫಾಂಟಿನ ಗೆರೆ ಮೊದಲಿಂದ ಕೊನೆಯವರೆಗೆ ಒಂದೇ ದಪ್ಪ, ಸ್ವಭಾವ ಸ್ನೇಹಮಯ. ಆದರೆ ಅದಕ್ಕಿರುವುದು ಒಂದೇ ತೂಕ, ಅಂದರೆ ಅದೇ ಫಾಂಟಿನ ತೆಳು, ದಪ್ಪ ರೂಪಗಳು ಬೇರೆ ಬೇರೆಯಾಗಿ ಇಲ್ಲ. ಹಿಂದಿನಿಂದ ಹಪ್ಪಳದ ಕಂದು ಬಣ್ಣ ಕಾಣುವ ಪೊಟ್ಟಣದ ಮೇಲೆ ಆ ಗೆರೆ ಕರಗಿಹೋಗುತ್ತದೆ. ಅಕಾಯ ಕನಡಕ ಎಂಬ ಫಾಂಟಿನ ಬಗ್ಗೆ ನನಗೆ ವಿಶೇಷ ಮೋಹ. ಅದರ ಒಂದೊಂದು ಅಕ್ಷರಕ್ಕೂ ತನ್ನದೇ ಠೀವಿ. ಗೋಕರ್ಣದ ಕಡಲದಂಡೆಯಲ್ಲಿ ಯಾರಾದರೂ ಹೊಸ ಹೋಟೆಲ್ ತೆರೆದು ಬೋರ್ಡ್ ಬರೆಸುವುದಿದ್ದರೆ ಕಣ್ಣುಮುಚ್ಚಿ ಅದನ್ನೇ ಹೇಳುತ್ತೇನೆ. ಪುಟ್ಟ ಲೇಬಲ್ಲಿನಲ್ಲಿ ಮಾತ್ರ ಪದಕ್ಕಿಂತ ಅಕ್ಷರಗಳೇ ಮುಂದೆ ಬಂದು ನಿಲ್ಲುತ್ತವೆ. ಅನೇಕ್ ಕನ್ನಡ ಎಂಬ ಫಾಂಟಿಗೆ ತೂಕವೂ ಹಲವು, ಅಗಲವೂ ಹಲವು. ಅದನ್ನು ಬಿಟ್ಟಿಲ್ಲ, ಸಣ್ಣ ಬರಹಕ್ಕೆ ಇಟ್ಟುಕೊಂಡಿದ್ದೇನೆ.

ಬಾಲೂ ತಮ್ಮ ಮತ್ತು ಅನೇಕ್ ಎರಡೂ ಮುಂಬೈನ ಏಕ್ ಟೈಪ್ ಸಂಸ್ಥೆಯವು. ಬಾಲೂ ಭಾರತದ ಹಲವು ಲಿಪಿಗಳಲ್ಲಿರುವ ಕುಟುಂಬ. ತೆಲುಗಿನದು ತಮ್ಮುಡು, ತಮಿಳಿನದು ತಂಬಿ, ಮಲಯಾಳದ್ದು ಚೇಟ್ಟನ್. ದುಂಡು ಮೈ, ಮೆತ್ತನೆಯ ತುದಿ, ಎಲ್ಲೂ ಚೂಪಿಲ್ಲ. ಆಟದ ಗುಣ ಅಕ್ಷರದ ಮೈಯಲ್ಲೇ ಇದೆ, ಮೇಲಿಂದ ಅಂಟಿಸಿದ ಅಲಂಕಾರದಲ್ಲಿ ಇಲ್ಲ. ನನಗೆ ಬೇಕಿದ್ದದ್ದು ಇದೇ. ಅಕ್ಷರಗಳ ಮೇಲೆ ಹಲಸಿನ ಮುಳ್ಳು ಬರೆಯುವುದು, ಲ ಅಕ್ಷರದ ಹೊಟ್ಟೆಯಲ್ಲಿ ಹಪ್ಪಳ ಕೂರಿಸುವುದು, ಇಂಥ ಸಲಹೆಗಳು ಮನೆಯಲ್ಲಿ ಬಂದವು. ಪ್ರೀತಿಯಿಂದಲೇ ಬೇಡವೆಂದೆ.

ಬಾಲೂ ತಮ್ಮ 2ರಲ್ಲಿ ಐದು ತೂಕಗಳಿವೆ, 400ರಿಂದ 800ರವರೆಗೆ. ಸಂಖ್ಯೆ ಹೆಚ್ಚಿದಷ್ಟೂ ಗೆರೆ ದಪ್ಪ. ದೊಡ್ಡ ಪರದೆಯ ಮೇಲೆ 800ರ ಎಕ್ಸ್‌ಟ್ರಾಬೋಲ್ಡ್ ಭರ್ಜರಿಯಾಗಿ ಕಾಣುತ್ತದೆ. ಸಣ್ಣ ಪೊಟ್ಟಣದ ಅಳತೆಗೆ ಇಳಿಸಿ ಅಚ್ಚು ತೆಗೆದಾಗ ಹ ಮತ್ತು ಳ ಅಕ್ಷರಗಳ ಒಳಗಿನ ಬಿಳಿ ಜಾಗ ಮುಚ್ಚತೊಡಗುತ್ತದೆ, ಶಾಯಿ ಸ್ವಲ್ಪ ಹರಡಿದರಂತೂ ಕೇಳುವುದೇ ಬೇಡ. 600ರ ಸೆಮಿಬೋಲ್ಡ್‌ನಲ್ಲಿ ಆ ಕಿಟಕಿಗಳು ತೆರೆದೇ ಇರುತ್ತವೆ, ದೂರದಿಂದಲೂ ಪದ ಓದಲು ಬರುತ್ತದೆ. ಚಿಕ್ಕಮ್ಮ ಕನ್ನಡಕ ತೆಗೆದಿಟ್ಟು ಜಗಲಿಯ ಆ ತುದಿಯಿಂದ ಓದಿ ಒಪ್ಪಿಗೆ ಕೊಟ್ಟರು.

ಅಕ್ಷರಗಳನ್ನು ಸ್ವಲ್ಪ ಮೇಲೆ ಕೆಳಗೆ ಕುಣಿಸಿದ್ದೇನೆ. ಇಂಗ್ಲಿಷಿನಲ್ಲಿ ಇದು ಸುಲಭ. ಕನ್ನಡದಲ್ಲಿ ಒತ್ತನ್ನು ಅದರ ಮೂಲಾಕ್ಷರದಿಂದ ಬೇರೆ ಮಾಡದೆ, ಎರಡನ್ನೂ ಒಟ್ಟಿಗೆ ಹಿಡಿದು ಸರಿಸಬೇಕು. ಪ್ಪ ಆದ ಮೇಲೆ ಳ ಬರುವಲ್ಲಿ ಇನ್ನೊಂದು ಸಂಗತಿಯಿದೆ. ಕೆಳಗಿನ ಒತ್ತು ಬಲಕ್ಕೆ ಜಾಗ ತೆಗೆದುಕೊಳ್ಳುವುದರಿಂದ ಮೇಲ್ಗಡೆ ಎರಡು ಅಕ್ಷರಗಳ ನಡುವೆ ಖಾಲಿ ಬೀಳುತ್ತದೆ. ಓದುವ ಗಾತ್ರದಲ್ಲಿ ಯಾರೂ ಗಮನಿಸುವುದಿಲ್ಲ, ದೊಡ್ಡದಾಗಿಸಿದಾಗ ಹಲ್ಲು ಬಿದ್ದಂತೆ ಎದ್ದು ಕಾಣುತ್ತದೆ. ಳವನ್ನು ಎಡಕ್ಕೆ ಎಳೆದು, ಅದರ ಬುಡ ಒತ್ತಿನ ಭುಜಕ್ಕೆ ತಾಗದಷ್ಟು ಹತ್ತಿರ ತಂದೆ. ಇಡೀ ಲೇಬಲ್ಲಿನಲ್ಲಿ ನನಗೆ ಹೆಚ್ಚು ಹೆಮ್ಮೆಯಿರುವುದು ಆ ಚಿಕ್ಕ ಜಾಗದ ಬಗ್ಗೆ.

ಕಾನೂನಿನ ಬರಹಕ್ಕೆ ಆಟ ಸಲ್ಲದು. 2020ರ ಆಹಾರ ಲೇಬಲಿಂಗ್ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಬೇಕು, ಜೊತೆಗೆ ಬೇರೆ ಭಾಷೆಯೂ ಇರಬಹುದು. ಪದಾರ್ಥಗಳ ಪಟ್ಟಿ, ತೂಕ, ದಿನಾಂಕ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಎಲ್ಲವೂ ಅನೇಕ್‌ನಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಅಕ್ಕಪಕ್ಕ. ಅದರಲ್ಲಿ ಇಂಗ್ಲಿಷ್ ಅಕ್ಷರಗಳೂ ಇರುವುದರಿಂದ ಎರಡು ಭಾಷೆಗಳ ದಪ್ಪ ಒಂದಕ್ಕೊಂದು ಹೊಂದುತ್ತದೆ.

ಅಚ್ಚಿಗೆ ಕಳುಹಿಸುವ ಮುನ್ನ ಚಿತ್ರ ಬರೆಯುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಅಕ್ಷರಗಳನ್ನೆಲ್ಲ ಆಕೃತಿಗಳಾಗಿ ಬದಲಿಸಿ ಪಿಡಿಎಫ್ ಮಾಡಿದ್ದೇನೆ. ಯೂನಿಕೋಡ್ ಅರಿಯದ ಹಳೆಯ ತಂತ್ರಾಂಶದಲ್ಲಿ ತೆರೆದರೆ ಪ್ಪ ಒಡೆದು, ಒತ್ತು ಪಕ್ಕಕ್ಕೆ ಜಾರುವ ಸಾಧ್ಯತೆ ಇದ್ದೇ ಇರುತ್ತದೆ. ಆಕೃತಿಯಾದ ಮೇಲೆ ಆ ಭಯವಿಲ್ಲ. ಆದರೆ ಕಾಗುಣಿತ ತಿದ್ದಲೂ ಬರುವುದಿಲ್ಲ, ಆದ್ದರಿಂದ ಮೂಲ ಕಡತವನ್ನು ಬೇರೆಯಾಗಿ ಇಟ್ಟಿದ್ದೇನೆ. ಮಾದರಿ ಲೇಬಲ್ಲುಗಳನ್ನು ಲೇಸರ್ ಪ್ರಿಂಟರಿನಲ್ಲೇ ತೆಗೆಸಿದೆ. ನಮ್ಮ ಮಳೆಗೆ, ಒದ್ದೆ ಕೈಗಳಿಗೆ ಸಾದಾ ಇಂಕ್‌ಜೆಟ್ ಶಾಯಿ ನಿಲ್ಲುವುದಿಲ್ಲ.

ಮುಂದಿನದು ತೊಡದೇವು ಎಂಬ ಸಿಹಿತಿನಿಸಿನ ಲೇಬಲ್. ಅಲ್ಲಿ ಒತ್ತೇ ಇಲ್ಲ. ಮೂರು ಸ್ವರಚಿಹ್ನೆಗಳೂ ಬಲಕ್ಕೆ ಚಾಚಿ ಪದವನ್ನು ಉದ್ದ ಮಾಡುತ್ತವೆ, ಹಾಗಾಗಿ ಅದೇ ಲೇಬಲ್ಲಿನಲ್ಲಿ ಒಂದೇ ಸಾಲು, ಸಣ್ಣ ಅಕ್ಷರ. ಮಡಕೆಯ ಬೆನ್ನಿನ ಮೇಲೆ ಸವರಿ ಎಬ್ಬಿಸುವ ಅಷ್ಟು ತೆಳುವಾದ ತಿನಿಸಿಗೆ 500ರ ತೂಕ ಸಾಕು ಎಂದು ನನ್ನ ವಾದ. ಎರಡೂ ಒಂದೇ ಮನೆಯವು ಎಂದು ಗೊತ್ತಾಗಬೇಕಾದರೆ ದಪ್ಪವೂ ಒಂದೇ ಇರಬೇಕು ಎಂದು ಚಿಕ್ಕಮ್ಮನ ವಾದ. ಎರಡನ್ನೂ ಅಚ್ಚು ತೆಗೆಸಿ, ಮಳಿಗೆಯಲ್ಲಿ ಹಪ್ಪಳದ ಪಕ್ಕವೇ ತೂಗುಹಾಕಿ ನೋಡಿ ತೀರ್ಮಾನಿಸುವುದೆಂದು ಒಪ್ಪಿಕೊಂಡಿದ್ದೇವೆ.